ಭಾನುವಳ್ಳಿಯ ‘ಕ್ರಿ.ಶ. 112’: ಒಂದು ಕೋಷ್ಟಕ ತಪ್ಪಿದ ಕಥೆ

ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ, ಒಂದು ಭಾನುವಾರ ಬೆಳಿಗ್ಗೆ, ಭಾನುವಳ್ಳಿಯಿಂದ ನನ್ನ ಸೋದರಮಾವ ಫೋನ್ ಮಾಡಿದರು.

“ಏನಳಿಯಾ, ನಮ್ಮೂರ ಕಲ್ಲು ಹಲ್ಮಿಡಿಗಿಂತ ಹಳೇದಂತೆ? ನೀನೇ ಬರ್ದೀಯಂತಲ್ಲ. ಮನೆಯೋರಿಗೆ ಒಂದ್ ಮಾತು ಹೇಳಬಾರ್ದಾ?”

ನನಗೆ ಏನೂ ಅರ್ಥ ಆಗಲಿಲ್ಲ. ಯಾವ ಕಲ್ಲು ಅಂದೆ. “ಅದೇನಪ್ಪ, ಹೊಲದ ಬದುವಿನಾಗೆ ನಿಂತೈತಲ್ಲ ವೀರಗಲ್ಲು, ನೀನು ಟೇಪ್ ಹಿಡ್ಕೊಂಡು ಅಳೆದು ಹೋದ್ಯಲ್ಲ, ಅದು. ಕ್ರಿಸ್ತಶಕ ನೂರಾ ಹನ್ನೆರಡು ಅಂತ ನಿನ್ನ ಪಟ್ಟಿಯಾಗೆ ಐತೆ. ಹುಡುಗರು ಬೋರ್ಡ್ ಬರೆಸ್ತೀವಿ ಅಂತಿದಾರೆ.”

ಲ್ಯಾಪ್‌ಟಾಪ್ ತೆಗೆದು ನೋಡಿದೆ. ಇತ್ತು. ನಾನೇ ಮಾಡಿದ ಪಟ್ಟಿ, ನಾನೇ ನಾಲ್ಕಾರು ಗುಂಪುಗಳಿಗೆ ಕಳಿಸಿದ ಪಿಡಿಎಫ್. ಭಾನುವಳ್ಳಿಯ ಸಾಲಿನಲ್ಲಿ, ‘ಕ್ರಿ.ಶ.’ ಅಂತ ತಲೆಬರಹ ಇರುವ ಕಾಲಮ್ಮಿನ ಕೆಳಗೆ, ಅಚ್ಚುಕಟ್ಟಾಗಿ, ಬಲಕ್ಕೆ ಒತ್ತಿಕೊಂಡು ಕೂತಿತ್ತು: 112. ಅದರ ಪಕ್ಕದ ‘ಎತ್ತರ’ ಎಂಬ ಕಾಲಮ್ಮಿನಲ್ಲಿ ‘ಸವೆದಿದೆ’ ಅಂತ ಇತ್ತು. ಕಲ್ಲಿನ ಎತ್ತರ ಸವೆದಿದೆ! ಓದಿದವರಿಗೆ ಅದೂ ಸರಿಯಾಗಿಯೇ ಕಂಡಿರಬೇಕು, ಅಷ್ಟು ಹಳೆಯ ಕಲ್ಲು ಸವೆಯದೆ ಇರುತ್ತದೆಯೇ.

112 ಅನ್ನೋದು ಆ ಕಲ್ಲಿನ ಎತ್ತರ. ಸೆಂಟಿಮೀಟರಿನಲ್ಲಿ.

ಈ ಬರಹ ಆ ಒಂದು ಅಂಕಿ ತನ್ನ ಮನೆ ಬಿಟ್ಟು ಪಕ್ಕದ ಮನೆಗೆ ಹೇಗೆ ಹೋಯಿತು ಎಂಬುದರ ಬಗ್ಗೆ. ಶಾಸನಗಳ ಪಟ್ಟಿ ಮಾಡುವ ಹವ್ಯಾಸ ಇಟ್ಟುಕೊಂಡಿರುವ ಗೆಳೆಯರು ಇಲ್ಲಿ ಬಹಳ ಜನ ಇದ್ದೀರಿ. ನನಗೆ ಆದದ್ದು ನಿಮಗೆ ಆಗಬಾರದು ಅಂತ ಬರೀತಿದ್ದೇನೆ, ಜೊತೆಗೆ ಪಟ್ಟಿ ಅನ್ನುವ ಈ ವಸ್ತುವಿನ ಬಗ್ಗೆಯೇ ಒಂದಷ್ಟು ತಲೆ ಕೆಡಿಸಿಕೊಂಡದ್ದೂ ಇದೆ.

ನಾನು ವೃತ್ತಿಯಿಂದ ಎಂಜಿನಿಯರು, ಶಾಸನಶಾಸ್ತ್ರವನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಹರಿಹರೇಶ್ವರ ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿರುವ ಎತ್ತರದ ಶಾಸನಗಲ್ಲುಗಳ ಸುತ್ತ ಚಿಕ್ಕವನಿದ್ದಾಗ ಓಡಾಡಿದ್ದು, ದೊಡ್ಡವನಾದ ಮೇಲೆ ಅವುಗಳಲ್ಲಿ ಏನಿದೆ ಅಂತ ಕುತೂಹಲ ಹುಟ್ಟಿದ್ದು, ಇಷ್ಟೇ ನನ್ನ ಅರ್ಹತೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೊಂದನೇ ಸಂಪುಟವನ್ನು ಸ್ಕ್ಯಾನ್ ಪ್ರತಿಯಲ್ಲಿ ಇಳಿಸಿಕೊಂಡು, ಕಲ್ಲಿನ ಫೋಟೊ ಒಂದು ಕಡೆ, ಅಚ್ಚಾದ ಪಾಠ ಒಂದು ಕಡೆ ಇಟ್ಟುಕೊಂಡು ಅಕ್ಷರ ಅಕ್ಷರ ಹೊಂದಿಸುತ್ತಾ ಲಿಪಿ ಕಲಿತೆ. ಕೂಡಲೂರು ಅಂತ ಹಳೆಯ ಹೆಸರಿದ್ದ ಈ ಊರಿನಲ್ಲಿ, ತುಂಗಭದ್ರೆಗೆ ಹರಿದ್ರಾ ಬಂದು ಸೇರುವಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಗುಡಿ ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ, ಸೋಮನಾಥಪುರ ಕಟ್ಟಿಸಿದ ಅದೇ ಸೋಮ, ಇಲ್ಲಿ ಮಹಾದ್ವಾರ ಎತ್ತಿಸಿದ. ಇಂಥ ಎರಡು ಇಸವಿ ನೆನಪಿಟ್ಟುಕೊಳ್ಳುವುದಕ್ಕೆ ಪಟ್ಟಿ ಬೇಡ. ಸುತ್ತಲ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನ ಅಂತ ಹೊರಟರೆ ಮಾತ್ರ ತಲೆಯಲ್ಲಿ ಹಿಡಿಯಲ್ಲ.

ನಮ್ಮ ಜಿಲ್ಲೆಗೆ ಒಂದು ವಿಶೇಷ ತಾಪತ್ರಯವೂ ಇದೆ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ರೈಸ್ ಅವರ ಸಂಪುಟಗಳು ಬಂದದ್ದು ಅದಕ್ಕೆ ನೂರು ವರ್ಷದ ಆಚೀಚೆ. ಹಾಗಾಗಿ ದಾವಣಗೆರೆ, ಜಗಳೂರಿನ ಶಾಸನಗಳು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೇ ಸಂಪುಟದಲ್ಲಿ, ಹೊನ್ನಾಳಿ ಚನ್ನಗಿರಿಯವು ಶಿವಮೊಗ್ಗದ ಏಳನೇ ಸಂಪುಟದಲ್ಲಿ. ಹರಿಹರಕ್ಕೆ ಆಗ ತನ್ನದೇ ತಾಲ್ಲೂಕಿಲ್ಲ, ದಾವಣಗೆರೆಯ ಜೊತೆಗೇ ಇದೆ. ಮುಂದೆ ಸೇರಿ, 2018ರಲ್ಲಿ ಮತ್ತೆ ಬೇರೆಯಾದ ಹರಪನಹಳ್ಳಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಅದನ್ನು ಹುಡುಕಬೇಕಾದ್ದು ರೈಸ್ ಹತ್ತಿರ ಅಲ್ಲವೇ ಅಲ್ಲ, ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟಗಳಲ್ಲಿ. ಒಂದು ಸೈಕಲ್ ಸವಾರಿಯಷ್ಟು ದೂರದ ಎರಡು ಹಳ್ಳಿಗಳ ಕಲ್ಲುಗಳು ಪುಸ್ತಕದ ಕಪಾಟಿನಲ್ಲಿ ಎಷ್ಟೋ ದೂರ. ಇವನ್ನೆಲ್ಲ ಒಂದೇ ಹಾಳೆಗೆ ತರಬೇಕಾದರೆ ಕೋಷ್ಟಕವೇ ಗತಿ.

ಕೋಷ್ಟಕ ಶಾಸನಶಾಸ್ತ್ರಕ್ಕೆ ಹೊಸದೂ ಅಲ್ಲ. ರೈಸ್ ಸಂಪುಟಗಳಲ್ಲೇ ಶಾಸನಗಳನ್ನು ಕಾಲಾನುಕ್ರಮವಾಗಿ ಜೋಡಿಸಿದ ಪಟ್ಟಿಗಳಿವೆ. ಕೇಂದ್ರ ಸರ್ಕಾರದ ಶಾಸನ ಶಾಖೆ ಪ್ರಕಟಿಸುತ್ತಾ ಬಂದಿರುವ ವಾರ್ಷಿಕ ವರದಿಗಳ ಅನುಬಂಧಗಳನ್ನು ನೋಡಿದವರಿಗೆ ಆ ಕಾಲಮ್ಮುಗಳು ಬಾಯಿಪಾಠ: ಕ್ರಮಸಂಖ್ಯೆ, ಇರುವ ಜಾಗ, ವಂಶ, ಅರಸ, ಕಾಲ, ಭಾಷೆ ಮತ್ತು ಲಿಪಿ, ಷರಾ. ವಂಶ, ಅರಸ, ಕಾಲ ಮೂರೂ ಖಾಲಿ ಇರುವ ಸಾಲುಗಳು ಅಲ್ಲಿ ಎಷ್ಟೋ. ಷರಾದಲ್ಲಿ ಮಾತ್ರ ಒಂದೆರಡು ಮಾತು. ಇನ್ನು 1896ರಲ್ಲಿ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ ಸೇರಿ ತಂದ ‘ದಿ ಇಂಡಿಯನ್ ಕ್ಯಾಲೆಂಡರ್’ ಅಂತೂ ಕಾಲಮ್ಮುಗಳ ಕಾಡು. ಕ್ರಿ.ಶ. 300ರಿಂದ 1900ರವರೆಗೆ ವರ್ಷಕ್ಕೊಂದು ಸಾಲು. ಕಲಿ, ಶಕ, ವಿಕ್ರಮ, ಸಂವತ್ಸರದ ಹೆಸರು, ಅಧಿಕಮಾಸ, ವರ್ಷ ಶುರುವಾಗುವ ದಿನ ಹೀಗೆ ಅಡ್ಡಕ್ಕೆ ಓದುತ್ತಾ ಹೋಗಬೇಕು. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ‘ಆನ್ ಇಂಡಿಯನ್ ಎಫೆಮರಿಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 700ರಿಂದ 1799ರವರೆಗಿನ ದಿನದಿನದ ಲೆಕ್ಕ ಕೊಡುತ್ತದೆ. ಯಾವುದೇ ಶಾಸನದ ತಿಥಿ ವಾರ ಸರಿಯಿದೆಯೇ ಅಂತ ನೋಡುವವರು ಇವತ್ತಿಗೂ ಕೊನೆಗೆ ಹೋಗಿ ಬೆರಳಿಡುವುದು ಇಂಥ ಪುಸ್ತಕದ ಒಂದು ಕೋಷ್ಟಕದ ಮೇಲೆ. ಬೆರಳು ಒಂದು ಕಾಲಮ್ ಆಚೆ ಸರಿದರೆ ಅರಸನೇ ಬದಲಾಗುತ್ತಾನೆ.

ಕಲ್ಲು ಕಡೆದವನಿಗೆ ಮಾತ್ರ ಕಾಲಮ್ಮಿನ ಗೊಡವೆ ಇರಲಿಲ್ಲ. ದಾನಶಾಸನಗಳಲ್ಲಿ ಲೆಕ್ಕ ಬಹಳ ಇರುತ್ತದೆ: ಯಾರಿಗೆ ಎಷ್ಟು ಗದ್ದೆ, ಎಷ್ಟು ಬೆದ್ದಲೆ, ನಂದಾದೀವಿಗೆಗೆ ಎಷ್ಟು, ಎಣ್ಣೆಗಾಣದ ಸುಂಕದಲ್ಲಿ ಎಷ್ಟು. ನಾವಾದರೆ ಗೆರೆ ಎಳೆದು ಕೋಷ್ಟಕ ಮಾಡುವ ವಿಷಯ. ಆತ ಒಂದೇ ಸಮನೆ ಸಾಲು ತುಂಬಿಸುತ್ತಾ ಹೋಗುತ್ತಾನೆ, ಕಲ್ಲಿನಲ್ಲಿ ಜಾಗ ದುಬಾರಿ. ಆದರೆ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಯಾವುದರ ಅಂಕಿ ಅಂತ ಹೇಳಿಯೇ ಹೇಳುತ್ತಾನೆ. ಮತ್ತರು ಇಷ್ಟು, ಕಮ್ಮ ಇಷ್ಟು, ಗದ್ಯಾಣ ಇಷ್ಟು, ಪಣ ಇಷ್ಟು. ಜಾಗ ಸಾಲದಿದ್ದರೆ ಗದ್ಯಾಣಕ್ಕೆ ಬರೀ ‘ಗ’ ಅಂತಾದರೂ ಕೆತ್ತುತ್ತಾನೆ. ಕೊನೆಗೆ ಮೊತ್ತ ಬಂದಾಗ ‘ಅಂತು’ ಅನ್ನುತ್ತಾನೆ. ಈ ‘ಅಂತು’ ನನಗೆ ಬಹಳ ಇಷ್ಟದ ಶಬ್ದ. ಎಂಟುನೂರು ವರ್ಷದ ಹಿಂದಿನ ಮೊತ್ತದ ಗೆರೆ ಅದು. ಹೀಗಿರುವುದರಿಂದ ಕಲ್ಲಿನ ಮೂಲೆ ಒಡೆದು ಒಂದು ಅಂಕಿಯಷ್ಟೇ ಉಳಿದಿದ್ದರೂ, ಪಕ್ಕದಲ್ಲಿ ‘ಗ’ ಇದ್ದರೆ ಅದು ಹಣ, ನೆಲ ಅಲ್ಲ ಅಂತ ಗೊತ್ತಾಗುತ್ತದೆ. ನನ್ನ 112ರ ಪಕ್ಕ ಏನೂ ಇರಲಿಲ್ಲ. ಸೆಂಟಿಮೀಟರ್ ಅನ್ನುವ ಮಾತು ಮೇಲೆ ತಲೆಬರಹದಲ್ಲಿ ಕೂತಿತ್ತು, ಅಂಕಿ ಕೆಳಗೆ ಅನಾಥವಾಗಿತ್ತು.

ಈಗ ಉಪಕರಣದ ವಿಷಯಕ್ಕೆ ಬರ್ತೀನಿ. ನಾನು ಪಟ್ಟಿಗಳನ್ನು ವರ್ಡ್‌ನಲ್ಲಿ ಮಾಡುವುದಿಲ್ಲ, ಲೇಟೆಕ್‌ನಲ್ಲಿ ಮಾಡುತ್ತೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಡೊನಾಲ್ಡ್ ಕ್ನೂತ್ ಎಂಬ ಗಣಕವಿಜ್ಞಾನಿ ತನ್ನ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿ, ಹಳೆಯ ಸೀಸದ ಮೊಳೆಯ ಅಂದ ಇದರಲ್ಲಿಲ್ಲ ಅಂತ ಬೇಸರಪಟ್ಟು, 1977-78ರ ಸುಮಾರಿಗೆ ತಾನೇ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಬರೆಯಲು ಕೂತ. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದು ಲೇಟೆಕ್. ಇದರಲ್ಲಿ ಪುಟ ಹೇಗೆ ಕಾಣಬೇಕು ಅಂತ ಮೌಸಿನಲ್ಲಿ ಎಳೆದಾಡುವುದಿಲ್ಲ. ಸಾದಾ ಪಠ್ಯದಲ್ಲಿ ಸೂಚನೆ ಬರೆಯುತ್ತೇವೆ, ತಂತ್ರಾಂಶ ಅದನ್ನು ಓದಿ ಪುಟ ಜೋಡಿಸಿ ಕೊಡುತ್ತದೆ. ಬಹಳ ಕಾಲ ಕನ್ನಡಕ್ಕೆ ಇದು ಕಷ್ಟವಾಗಿತ್ತು. 2004ರಲ್ಲಿ ಜೊನಾಥನ್ ಕ್ಯೂ ಅವರ ಝೀಟೆಕ್ ಬಂದ ಮೇಲೆ ಯುನಿಕೋಡ್ ಕನ್ನಡವನ್ನು ಹಾಗೇ ಟೈಪ್ ಮಾಡಿ, ಗಣಕದಲ್ಲಿರುವ ಯಾವ ಕನ್ನಡ ಫಾಂಟನ್ನಾದರೂ ಬಳಸಬಹುದಾಯಿತು. ಹಳೇ ನುಡಿ ಕಡತದಿಂದ ಅಂಟಿಸಿದರೆ ಮಾತ್ರ ಈಗಲೂ ಚಿತ್ರಾನ್ನವೇ, ಮೊದಲು ಪರಿವರ್ತಿಸಿಕೊಳ್ಳಿ.

ಲೇಟೆಕ್‌ನಲ್ಲಿ ಕೋಷ್ಟಕ ಅಂದರೆ ಮೊದಲು ಕಾಲಮ್ಮುಗಳ ಜಾತಕ ಬರೆಯಬೇಕು. ಎಷ್ಟು ಕಾಲಮ್ಮೋ ಅಷ್ಟು ಅಕ್ಷರ. ‘ಎಲ್’ ಅಂದರೆ ಎಡಕ್ಕೆ ಒತ್ತಿ, ‘ಆರ್’ ಅಂದರೆ ಬಲಕ್ಕೆ ಒತ್ತಿ, ‘ಸಿ’ ಅಂದರೆ ನಡುವೆ. ‘ಪಿ’ ಅಂದು ಪಕ್ಕದಲ್ಲಿ ಅಗಲ ಕೊಟ್ಟರೆ ಅಷ್ಟು ಅಗಲದೊಳಗೆ ಪಠ್ಯ ಮುರಿದುಕೊಂಡು ಕೆಳಗಿಳಿಯುತ್ತದೆ. ಆಮೇಲೆ ಒಂದೊಂದೇ ಸಾಲು. ಒಂದು ಕೋಶ ಮುಗಿದು ಇನ್ನೊಂದು ಶುರುವಾಗುವಲ್ಲಿ ಆಂಪರ್ಸಂಡ್ (&), ಸಾಲಿನ ಕೊನೆಗೆ ಎರಡು ಹಿಂಗೆರೆ (\\). ಇಷ್ಟೇ ವ್ಯಾಕರಣ.

ಕನ್ನಡಕ್ಕೆ ಬಂದಾಗ ಇಷ್ಟೇ ಅಲ್ಲ. ನಾನು ಮೊದಲ ಸಲ ಶಾಸನಪಟ್ಟಿ ಮಾಡಿದಾಗ ಗೆರೆಗಳೆಲ್ಲ ಒತ್ತಕ್ಷರದ ಕಾಲು ಕತ್ತರಿಸುತ್ತಿದ್ದವು. ‘ಬ್ರಹ್ಮಪುರಿ’ಯ ಮಕಾರದ ಒತ್ತು ಗೆರೆಯ ಆಚೆ, ‘ಶಾಸನಗಲ್ಲು’ವಿನ ಲಕಾರದ ಒತ್ತು ಗೆರೆಯ ಮೇಲೆ. ರೋಮನ್ ಲಿಪಿಯ ಅಳತೆಗೆ ಹೊಲಿದ ಅಂಗಿ ಅದು, ನಮ್ಮ ಅಕ್ಷರಗಳು ಕೆಳಗೂ ಬೆಳೆಯುತ್ತವೆ. ಸಾಲಿನ ಎತ್ತರ ಹೆಚ್ಚಿಸಲು ‘ಎಕ್ಸ್‌ಟ್ರಾ ರೋ ಹೈಟ್’ ಅಂತ ಒಂದು ಅಳತೆ ಇದೆ, ಆದರೆ ಅದು ಮೇಲುಗಡೆಗೆ ಮಾತ್ರ ಜಾಗ ಕೊಡುತ್ತದೆ. ನಮಗೆ ಬೇಕಾದ್ದು ಕೆಳಗಡೆ. ‘ಅರೇ ಸ್ಟ್ರೆಚ್’ ಅನ್ನೋದನ್ನು 1.4ಕ್ಕೆ ಏರಿಸಿದರೆ ಎರಡೂ ಕಡೆ ಹಿಗ್ಗುತ್ತದೆ, ಒತ್ತಕ್ಷರ ಉಸಿರಾಡುತ್ತದೆ. ಇನ್ನೊಂದು, ‘ಪಿ’ ಕಾಲಮ್ಮು ಎರಡೂ ಅಂಚು ಸಮ ಮಾಡಲು ಹೋಗುತ್ತದೆ. ಇಕ್ಕಟ್ಟಿನ ಕಾಲಮ್ಮಿನಲ್ಲಿ ‘ಮಹಾಮಂಡಳೇಶ್ವರ’ನಂಥವರು ಬಂದು ಕೂತರೆ ಪದಗಳ ನಡುವೆ ಗಾಡಿ ಹೋಗುವಷ್ಟು ಸಂದು ಬೀಳುತ್ತದೆ. ಆ ಕಾಲಮ್ಮಿಗೆ ಬಲ ಅಂಚು ಸಡಿಲ ಬಿಡು (‘ರ್‍ಯಾಗೆಡ್ ರೈಟ್’) ಅಂತ ಹೇಳಬೇಕು. ಹೇಳಿದ ತಕ್ಷಣ ಸಾಲು ಮುಗಿಸುವ ಎರಡು ಹಿಂಗೆರೆಯ ಅರ್ಥವೇ ಬದಲಾಗಿ ಇನ್ನೊಂದು ತರಲೆ ಶುರು, ಅದನ್ನು ಸರಿಪಡಿಸಲು ‘ಅರೇ ಬ್ಯಾಕ್‌ಸ್ಲ್ಯಾಷ್’ ಅಂತ ಇನ್ನೊಂದು ಸೂಚನೆ ಜೊತೆಗೆ ಸೇರಿಸಬೇಕು. ಈ ಎರಡನ್ನೂ ಯಾವಾಗಲೂ ಗಂಡಹೆಂಡಿರ ಹಾಗೆ ಒಟ್ಟಿಗೇ ಬರೆಯಿರಿ, ನನ್ನ ಒಂದು ಇಡೀ ರಾತ್ರಿ ಇದಕ್ಕೆ ಹೋಗಿದೆ. ಲಂಬ ಗೆರೆಗಳನ್ನು ನಾನು ಈಗ ಬಿಟ್ಟೇಬಿಟ್ಟಿದ್ದೇನೆ. ಮೇಲೆ ಒಂದು, ತಲೆಬರಹದ ಕೆಳಗೆ ಒಂದು, ಕೊನೆಗೆ ಒಂದು ಅಡ್ಡಗೆರೆ ಸಾಕು. ಹಲವು ಪುಟದ ಪಟ್ಟಿಯಾದರೆ ‘ಲಾಂಗ್ ಟೇಬಲ್’ ಬಳಸಿ, ತಲೆಬರಹ ಪ್ರತಿ ಪುಟದಲ್ಲೂ ತಾನೇ ಬರುತ್ತದೆ. ಎರಡು ಮೂರು ಸಲ ಓಡಿಸುವ ತನಕ ಕಾಲಮ್ಮಿನ ಅಗಲ ನಿಲ್ಲುವುದಿಲ್ಲ, ಮೊದಲ ಸಲ ಸೊಟ್ಟ ಕಂಡರೆ ಗಾಬರಿ ಬೇಡ.

ಇಷ್ಟೆಲ್ಲ ಅಂದ ಚಂದ ಕಲಿತವನು ನಾನು. ತಪ್ಪಿದ್ದು ಎಲ್ಲಿ ಅಂದರೆ ಆಂಪರ್ಸಂಡಿನಲ್ಲಿ.

ನನ್ನ ಪಟ್ಟಿಗೆ ಎಂಟು ಕಾಲಮ್: ಕ್ರಮಸಂಖ್ಯೆ, ಊರು, ಇರುವ ಜಾಗ, ಅರಸ, ಶಕವರ್ಷ, ಕ್ರಿ.ಶ., ಎತ್ತರ, ಷರಾ. ಎಂಟು ಕೋಶಕ್ಕೆ ನಡುವೆ ಏಳು ಆಂಪರ್ಸಂಡ್. ಭಾನುವಳ್ಳಿಯ ವೀರಗಲ್ಲಿನಲ್ಲಿ ಅರಸನ ಹೆಸರು ಓದಲಾಗುವುದಿಲ್ಲ, ಶಕವರ್ಷ ಇಲ್ಲ, ಹಾಗಾಗಿ ಕ್ರಿ.ಶ.ವೂ ಇಲ್ಲ. ಮೂರು ಕೋಶ ಖಾಲಿ. ಅಂದರೆ ‘ಇರುವ ಜಾಗ’ ಮತ್ತು ‘ಎತ್ತರ’ದ ನಡುವೆ ನಾಲ್ಕು ಆಂಪರ್ಸಂಡ್ ಸಾಲಾಗಿ ಹೊಡೆಯಬೇಕು. ನಾನು ಮೂರು ಹೊಡೆದಿದ್ದೆ. ಅಷ್ಟೇ. ಎತ್ತರದ 112 ಒಂದು ಮನೆ ಎಡಕ್ಕೆ ಸರಿದು ಕ್ರಿ.ಶ.ದಲ್ಲಿ ಕೂತಿತು, ಷರಾದ ‘ಸವೆದಿದೆ’ ಎತ್ತರಕ್ಕೆ ಬಂತು, ಷರಾ ಖಾಲಿಯಾಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಲೇಟೆಕ್‌ನಲ್ಲಿ ಆಂಪರ್ಸಂಡ್ ಒಂದು ಹೆಚ್ಚಾದರೆ ಅದು ಕೂಗುತ್ತದೆ, ಕಾಲಮ್ಮಿಗಿಂತ ಕೋಶ ಜಾಸ್ತಿಯಾಯಿತು ಅಂತ ಕೆಲಸ ನಿಲ್ಲಿಸಿ ದೋಷ ತೋರಿಸುತ್ತದೆ. ಒಂದು ಕಡಿಮೆಯಾದರೆ ತುಟಿ ಪಿಟಕ್ ಅನ್ನಲ್ಲ. ಕೊನೆಯ ಕೋಶ ಬೇಡವೇನೋ ಅಂದುಕೊಂಡು ಸಾಲು ಮುಗಿಸುತ್ತದೆ. ಅದರ ದೃಷ್ಟಿಯಲ್ಲಿ ಅದು ತಪ್ಪೇ ಅಲ್ಲ, ಎಷ್ಟೋ ಕೋಷ್ಟಕಗಳಲ್ಲಿ ಕೊನೆಯ ಕೋಶ ಬಿಡುವುದು ಸೌಕರ್ಯ. ನನ್ನ ದೃಷ್ಟಿಯಲ್ಲಿ ಅದು ಒಂದು ಸಾವಿರ ವರ್ಷದ ವ್ಯತ್ಯಾಸ. ಕಚೇರಿಯಲ್ಲಿ ನಕ್ಷೆ ನೋಡುವಾಗ ಇಂಥದ್ದನ್ನು ಕಿರಿಯರಿಗೆ ಹೇಳಿಕೊಡುವವನೂ ನಾನೇ: ಸದ್ದು ಮಾಡುವ ದೋಷಕ್ಕೆ ಹೆದರಬೇಡಿ ಅಂತ. ಮನೆಯಲ್ಲಿ ಪಟ್ಟಿ ಮಾಡುವಾಗ ನೆನಪಾಗಲಿಲ್ಲ.

ಇದನ್ನು ಯೋಚಿಸುತ್ತಿರುವಾಗ ಹರಿಹರದಲ್ಲಿ ಒಬ್ಬ ಹಿರಿಯರು ನೆನಪಾದರು. ಅವರು ಆಫ್‌ಸೆಟ್ ಬರುವ ಮೊದಲು ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರು. ಹೋಗಿ ನನ್ನ ಕಥೆ ಹೇಳಿದೆ. ಅವರು ನಕ್ಕರು. “ನಮ್ಮ ಕಾಲದಾಗೆ ಹಿಂಗಾಗಂಗೇ ಇರ್ಲಿಲ್ಲ ತಮ್ಮಾ” ಅಂದರು. ಮೊಳೆ ಜೋಡಣೆಯಲ್ಲಿ ಖಾಲಿ ಅನ್ನೋದು ಖಾಲಿಯಲ್ಲ, ಅದೂ ಸೀಸವೇ. ಅಕ್ಷರ ಇಲ್ಲದ ಕಡೆ ಕ್ವಾಡು, ಸ್ಪೇಸು ಅಂತ ಮೋಟು ತುಂಡುಗಳನ್ನು ಎಣಿಸಿ ತುಂಬಬೇಕು. ಕೋಷ್ಟಕದಲ್ಲಿ ಮೂರು ಖಾಲಿ ಕೋಶ ಇದ್ದರೆ ಮೂರು ಕೋಶದಷ್ಟು ಸೀಸ ಕೈಯಲ್ಲಿ ಹಿಡಿದು ಇಡಬೇಕು. ಒಂದು ಕೋಶದ್ದು ಮರೆತರೆ ಆ ಸಾಲು ಉಳಿದವಕ್ಕಿಂತ ಗಿಡ್ಡ ಆಗುತ್ತದೆ, ಚೌಕಟ್ಟಿಗೆ ಹಾಕಿ ಬಿಗಿದಾಗ ಆ ಸಾಲು ಮಾತ್ರ ಸಡಿಲ. ಎತ್ತಿದರೆ ಮೊಳೆಗಳು ಉದುರಿ ನೆಲಕ್ಕೆ ಬೀಳುತ್ತವೆ. “ಬಿದ್ದ ಸದ್ದಿಗೇ ಮಾಲೀಕರು ಬರ್ತಿದ್ರು” ಅಂದರು. ರೈಸ್ ಸಂಪುಟಗಳ ಪಟ್ಟಿಗಳನ್ನು ನಾನು ಆವತ್ತು ರಾತ್ರಿ ಮತ್ತೆ ತೆಗೆದು ನೋಡಿದೆ. ಅಲ್ಲಿನ ಒಂದೊಂದು ಬಿಳಿ ಜಾಗದ ಹಿಂದೆಯೂ ಯಾರೋ ಒಬ್ಬರು ಎಣಿಸಿ ಇಟ್ಟ ಸೀಸದ ತುಂಡು ಇತ್ತು ಅಂತ ಅನ್ನಿಸಿದ ಮೇಲೆ ಆ ಪುಟ ಬೇರೆಯದೇ ಥರ ಕಂಡಿತು. ಹಾಗಂತ ಆ ಪುಟಗಳಲ್ಲಿ ತಪ್ಪಿಲ್ಲ ಅಂತಲ್ಲ, ಬೇಕಾದಷ್ಟಿವೆ. ಈ ಜಾತಿಯ ತಪ್ಪು ಕಡಿಮೆ.

ಶಾಸನಪಾಠ ಅಚ್ಚು ಮಾಡುವವರಿಗೂ ಖಾಲಿಯನ್ನು ಕಾಣಿಸುವ ಶಿಸ್ತು ಇದೆ. ಕಲ್ಲಿನಲ್ಲಿ ಅಕ್ಷರ ಹೋಗಿದ್ದರೆ ಅಲ್ಲಿ ಚುಕ್ಕಿಗಳು. ಅಸ್ಪಷ್ಟವಾಗಿದ್ದರೆ ಚೌಕ ಕಂಸ. ಸಂಪಾದಕ ತಾನಾಗಿ ಸೇರಿಸಿದ್ದಕ್ಕೆ ನಕ್ಷತ್ರದ ಗುರುತು. ಏನೂ ಇಲ್ಲದ ಜಾಗವನ್ನೂ ‘ಇಲ್ಲಿ ಏನೂ ಇಲ್ಲ, ನಾನು ನೋಡಿದ್ದೇನೆ’ ಅಂತ ಬರೆದೇ ಹೇಳುವ ಪದ್ಧತಿ ಅದು. ನಾನು ಪಾಠಗಳಲ್ಲಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ, ಪಟ್ಟಿಯಲ್ಲಿ ಮಾತ್ರ ಗೊತ್ತಿಲ್ಲದ್ದನ್ನು ಬರೀ ಖಾಲಿ ಬಿಟ್ಟಿದ್ದೆ.

ಇನ್ನು ಫೋನ್ ಬಂದ ದಿನಕ್ಕೆ ವಾಪಸ್ ಹೋಗೋಣ. ಮಾವನಿಗೆ ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ‘ಹುಡುಗರು ಬೋರ್ಡ್ ಬರೆಸ್ತಾರೆ’ ಅನ್ನುವ ಮಾತು ಕಿವಿಯಲ್ಲೇ ಇತ್ತು. ಒಂದು ಸಲ ಕಬ್ಬಿಣದ ಹಲಗೆಯ ಮೇಲೆ ಬಣ್ಣದಲ್ಲಿ ‘ಕ್ರಿ.ಶ. 112’ ಅಂತ ಬಂದರೆ ಅದನ್ನು ಅಳಿಸುವವರು ಯಾರು? ಮುಂದಿನ ವರ್ಷ ಯಾರೋ ಫೋಟೊ ಹೊಡೆದು ಹಾಕುತ್ತಾರೆ, ಅದರ ಮುಂದಿನ ವರ್ಷ ಇನ್ಯಾರೋ ಲೇಖನದಲ್ಲಿ ಸೇರಿಸುತ್ತಾರೆ. ಆ ಊರಿಗೆ ಬರಬೇಕಾದ ನಿಜವಾದ ವಿದ್ವಾಂಸರು ಬೋರ್ಡ್ ನೋಡಿಯೇ ನಕ್ಕು ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಕಲ್ಲಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಮುಂದಿನ ಶನಿವಾರ ಹರಿಹರದಲ್ಲಿ ಬಸ್ ಹತ್ತಿದೆ.

ಭದ್ರಾ ನಾಲೆಯ ನೀರಿಗೆ ಭತ್ತ ತುಂಬಿ ನಿಂತಿತ್ತು. ಮಾವನ ಮನೆಯ ಜಗಲಿಯಲ್ಲಿ ಆರೇಳು ಹುಡುಗರು ಆಗಲೇ ಬಂದು ಕೂತಿದ್ದರು. ಒಬ್ಬನ ಮೊಬೈಲಿನಲ್ಲಿ ಬೋರ್ಡಿನ ನಮೂನೆ ಕೂಡ ತಯಾರಿತ್ತು. ಹೇಳುವುದು ಹೇಗೆ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಕೊನೆಗೆ ಸೀದಾ ಹೇಳಿದೆ: ತಪ್ಪು ನನ್ನದು, 112 ಇಸವಿ ಅಲ್ಲ, ಕಲ್ಲಿನ ಎತ್ತರ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, ಪಿಯುಸಿ ಓದುವವನಿರಬೇಕು, “ಸಾರ್, ಆದ್ರೂ ಹಳೇದು ಇರಬಹುದಲ್ಲ?” ಅಂದ. ಪ್ರಶ್ನೆ ಒಳ್ಳೆಯದೇ. ಹೇಳಿದೆ: ಕ್ರಿ.ಶ. 112 ಅಂದರೆ ನಮ್ಮ ಕಡೆ ಸಾತವಾಹನರ ಕಾಲ. ಅಕ್ಷರ ಕೆತ್ತಿದ್ದರೆ ಬ್ರಾಹ್ಮಿಯಲ್ಲಿರಬೇಕು, ಭಾಷೆ ಪ್ರಾಕೃತ ಇರಬೇಕು. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ಅದಕ್ಕೂ ಮುನ್ನೂರೈವತ್ತು ವರ್ಷ ಹಿಂದಿನದು, ಆ ಅಕ್ಷರಗಳ ಫೋಟೊ ಮೊಬೈಲಿನಲ್ಲಿ ತೋರಿಸಿದೆ. ಹಲ್ಮಿಡಿಯದು ಸುಮಾರು ಕ್ರಿ.ಶ. 450, ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದದ್ದು. ತಾಳಗುಂದದ ಸಿಂಹಕಟಾಂಜನದ ಶಾಸನವನ್ನು 370ರ ಸುಮಾರಿಗೆ ಇಡುವವರಿದ್ದಾರೆ, ಅದನ್ನೂ ತೋರಿಸಿದೆ. ನಿಮ್ಮೂರ ಕಲ್ಲಿನಲ್ಲಿ ಉಳಿದಿರುವ ಐದಾರು ಅಕ್ಷರದ ದುಂಡು ನೋಡಿ, ಇದು ಆ ಜಾತಿಯದಲ್ಲ, ಹರಿಹರದ ಗುಡಿಯ ಕಲ್ಲುಗಳ ಬಳಗದ್ದು ಅಂದೆ. ಎಲ್ಲರೂ ಎದ್ದು ಹೊಲಕ್ಕೆ ಹೋದೆವು.

ಕಲ್ಲಿನ ಹತ್ತಿರ ಕೂತು ಮೂರು ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ ತೋರಿಸಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಎರಡೂ ಕಡೆ ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಪಟ್ಟಿಕೆಗಳ ನಡುವಿನ ದಿಂಡಿನಲ್ಲಿ ಅಕ್ಷರ. ಎಷ್ಟೋ ವರ್ಷ ಇದರ ಪಕ್ಕದಲ್ಲೇ ಬುತ್ತಿ ಬಿಚ್ಚಿ ಉಂಡವರು ಮಾವ. “ಇವನು ಸತ್ತು ಮ್ಯಾಲೆ ಹೋಗಿದ್ದಾ ಇದು? ನಾನು ಯಾವ್ದೋ ದೇವ್ರ ಕಥೆ ಅಂದ್ಕೊಂಡಿದ್ದೆ” ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, “ಯಾರ್ ಮಗನೋ ಏನೋ” ಅಂದರು.

ಇಸವಿ ಇಲ್ಲದ ಕಲ್ಲಿಗೆ ಬೋರ್ಡಿನಲ್ಲಿ ಏನು ಬರೆಯೋದು ಅಂತ ಹುಡುಗರು ಕೇಳಿದರು. ಇಸವಿ ಇರುವ ಶಾಸನಗಳಲ್ಲೂ ಲೆಕ್ಕ ನೋಡಿಯೇ ಬರೆಯಬೇಕು ಅಂತ ಒಂದು ಆಟ ಹೇಳಿಕೊಟ್ಟೆ, ಇಲ್ಲಿಯೂ ಬರೆದಿಡುತ್ತೇನೆ, ಬಳಸಿಕೊಳ್ಳಿ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷ ಎಷ್ಟೋ ಪ್ರಭವದಿಂದ ಅಷ್ಟನೆಯ ಸಂವತ್ಸರ. ಶೇಷ ಸೊನ್ನೆಯಾದರೆ ಅಕ್ಷಯ. ಶಕ 1145ಕ್ಕೆ ಮಾಡಿದರೆ 1157, ಶೇಷ 17, ಸ್ವಭಾನು, ಅಂದರೆ 1223ರ ಯುಗಾದಿಯಿಂದ 1224ರ ಯುಗಾದಿಯವರೆಗೆ. (ಭಾನುವಳ್ಳಿಯ ಹುಡುಗರಿಗೆ ಸ್ವಭಾನು ಅಂದ ತಕ್ಷಣ ಖುಷಿ. ಸಂಬಂಧ ಏನೂ ಇಲ್ಲ ಅಂತ ಎರಡು ಸಲ ಹೇಳಬೇಕಾಯಿತು, ಇಲ್ಲದಿದ್ದರೆ ಅದೂ ಬೋರ್ಡಿಗೆ ಹೋಗುತ್ತಿತ್ತು.) ಶಕ 1190ಕ್ಕೆ ಶೇಷ 2, ವಿಭವ, 1268-69. ಹತ್ತನೇ ಶತಮಾನದ ನಂತರದ ನಮ್ಮ ಕಡೆಯ ಶಾಸನಗಳಿಗೆ ಇದು ನಡೆಯುತ್ತದೆ. ಕಲ್ಲಿನ ಮೇಲೆ ಶಕವರ್ಷ ಒಂದು ಹೆಚ್ಚುಕಡಿಮೆ ಇರುವುದು ಸಾಮಾನ್ಯ, ಕೆಲವರು ನಡೆಯುತ್ತಿರುವ ವರ್ಷ ಎಣಿಸಿದರೆ ಕೆಲವರು ಕಳೆದ ವರ್ಷ ಎಣಿಸುತ್ತಾರೆ. ಹಾಗೆ ಜಗಳ ಬಂದಾಗ ಅಂಕಿಗಿಂತ ಸಂವತ್ಸರದ ಹೆಸರನ್ನು ನಂಬುವುದು ವಾಸಿ. ಹೆಸರು ಪಕ್ಕದ ಕಾಲಮ್ಮಿಗೆ ಸುಲಭಕ್ಕೆ ಜಾರುವುದಿಲ್ಲ.

ಊರಿಂದ ಬಂದ ಮೇಲೆ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿದೆ. ಈಗ ಒಂದೂ ಕೋಶ ಖಾಲಿ ಇಲ್ಲ. ಕಲ್ಲಿನಲ್ಲೇ ಇಲ್ಲದಿದ್ದರೆ ಅಡ್ಡಗೆರೆ, ಇದ್ದು ಓದಲಾಗದಿದ್ದರೆ ಮೂರು ಚುಕ್ಕಿ, ನಾನೇ ಇನ್ನೂ ನೋಡದಿದ್ದರೆ ಪ್ರಶ್ನೆಚಿಹ್ನೆ. ಈ ಮೂರೂ ಬೇರೆ ಬೇರೆ ಸಂಗತಿ, ಮೊದಲು ಮೂರಕ್ಕೂ ಒಂದೇ ಬಿಳಿ ಜಾಗ ಇತ್ತು. ಎತ್ತರದ ಅಂಕಿಯ ಪಕ್ಕದಲ್ಲೇ ‘ಸೆಂ.ಮೀ.’ ಬರುವ ಹಾಗೆ ಕಾಲಮ್ಮಿನ ಜಾತಕದಲ್ಲೇ ಬರೆದಿದ್ದೇನೆ. ‘ಆರ್’ ಅಕ್ಷರದ ಹಿಂದೆ ‘ಕಡಿಮೆ ಚಿಹ್ನೆ’ಯ ಜೊತೆ ಒಂದು ಆವರಣ ಕೊಟ್ಟರೆ ಅದರೊಳಗಿನದು ಆ ಕಾಲಮ್ಮಿನ ಪ್ರತಿ ಕೋಶದ ಕೊನೆಗೂ ತಾನೇ ಬಂದು ಕೂರುತ್ತದೆ, ‘ಅರೇ’ ಪ್ಯಾಕೇಜು ಬೇಕು. ಇದರದ್ದೊಂದು ಬೋನಸ್ಸು: ತಪ್ಪಿ ಷರಾ ಬಂದು ಎತ್ತರದಲ್ಲಿ ಕೂತರೆ ‘ಸವೆದಿದೆ ಸೆಂ.ಮೀ.’ ಅಂತ ಬಂದು ಅದೇ ಕೂಗಿ ಹೇಳುತ್ತದೆ. ಪಿಡಿಎಫ್ ಮಾಡುವ ಮೊದಲು ಹತ್ತು ಸಾಲಿನ ಒಂದು ಚಿಕ್ಕ ಪ್ರೋಗ್ರಾಂ ಓಡಿಸುತ್ತೇನೆ. ಪ್ರತಿ ಸಾಲಿನಲ್ಲಿ ಏಳೇ ಏಳು ಆಂಪರ್ಸಂಡ್ ಇದೆಯೇ ಎಣಿಸುತ್ತದೆ. ಶಕವರ್ಷ ಇಲ್ಲದೆ ಕ್ರಿ.ಶ. ಮಾತ್ರ ಇದ್ದರೆ, ಎರಡರ ನಡುವಿನ ಅಂತರ 77ರಿಂದ 79ರೊಳಗೆ ಇಲ್ಲದಿದ್ದರೆ ನಿಲ್ಲಿಸುತ್ತದೆ. ಮೊದಲ ಸಲ ಓಡಿಸಿದಾಗ ಇನ್ನೂ ಎರಡು ಸಾಲು ಸಿಕ್ಕಿದವು. ಒಂದರಲ್ಲಿ ನಿಜವಾಗಿಯೂ ಅಂಕಿ ತಪ್ಪಿತ್ತು, ಇನ್ನೊಂದರಲ್ಲಿ ಕಲ್ಲು ಕಡೆದವನೇ ತಪ್ಪಿದ್ದ. ಅದನ್ನು ತಿದ್ದಲಿಲ್ಲ, ಷರಾದಲ್ಲಿ ಬರೆದಿದ್ದೇನೆ.

ಹಳೆಯ ಪಿಡಿಎಫ್ ಕಳಿಸಿದ್ದ ಗುಂಪುಗಳಿಗೆಲ್ಲ ತಿದ್ದುಪಡಿ ಕಳಿಸಿದೆ. ಕಳಿಸಿದವರೆಲ್ಲ ನೋಡಿದರು ಅಂತ ನಂಬುವಷ್ಟು ಮುಗ್ಧ ನಾನಲ್ಲ, ಹಾಗಾಗಿಯೇ ಇಲ್ಲಿ ಇಷ್ಟುದ್ದ ಬರೆದದ್ದು. ನಿಮ್ಮ ಹತ್ತಿರ ನನ್ನ ಹಳೆಯ ಪಟ್ಟಿ ಇದ್ದರೆ ದಯವಿಟ್ಟು ಅಳಿಸಿ.

ಹೊಲದಿಂದ ಹೊರಡುವ ಮೊದಲು ಆ ಪಿಯುಸಿ ಹುಡುಗ ನನ್ನ ಕೈಯಿಂದ ಟೇಪ್ ತಗೊಂಡು ತಾನೇ ಅಳೆದಿದ್ದ. 119 ಬಂತು. ಮಳೆಗೆ ಬದುವಿನ ಮಣ್ಣು ಕೊಚ್ಚಿ ಬುಡ ಒಂದಿಷ್ಟು ಹೊರಗೆ ಬಂದಿತ್ತು. ಇನ್ನೂ ಕೆಳಗೆ ಒಂದು ಸಾಲು ಅಕ್ಷರದ ಮೇಲಂಚು ಕಾಣುತ್ತಿದ್ದ ಹಾಗಿತ್ತು. ಅಗೆಯೋದು ಬೇಡ, ಅದನ್ನು ಬಲ್ಲವರು ಬಂದು ಮಾಡಲಿ ಅಂತ ಹೇಳಿ, ಸುತ್ತ ನಾಲ್ಕು ಕಲ್ಲು ಆನಿಸಿ ಬಂದೆವು. ಬೋರ್ಡಿಗೆ ಅಂತ ಕೂಡಿಸಿದ್ದ ದುಡ್ಡಿನಲ್ಲಿ ಅದಕ್ಕೊಂದು ಕಟ್ಟೆ ಕಟ್ಟಿಸುವ ಮಾತು ನಡೆದಿದೆಯಂತೆ, ಕಲ್ಲನ್ನು ಅಲುಗಿಸದೆ ಸುತ್ತ ಮಾತ್ರ ಕಟ್ಟಿ ಅಂತ ಮಾವನಿಗೆ ಮೊನ್ನೆಯೂ ಫೋನ್ ಮಾಡಿ ಹೇಳಿದ್ದೇನೆ. ಪಟ್ಟಿಯ ಆ ಸಾಲಿನಲ್ಲಿ ಈಗ ಅರಸ ಮೂರು ಚುಕ್ಕಿ, ಶಕವರ್ಷ ಪ್ರಶ್ನೆಚಿಹ್ನೆ, ಕ್ರಿ.ಶ. ಪ್ರಶ್ನೆಚಿಹ್ನೆ, ಎತ್ತರ 119 ಸೆಂ.ಮೀ., ಷರಾ: ಸವೆದಿದೆ, ಬುಡದಲ್ಲಿ ಇನ್ನೊಂದು ಸಾಲು ಇರಬಹುದು.